ಬಳ್ಳಿಯೊಳಗಿನ ನೇಯ್ಗೆ
ಹೊನವಾಡದ ದ್ರಾಕ್ಷಿ ಪಡದಿಂದ ಅಂಗಾಂಶ ವಿಜ್ಞಾನದ ಕಥೆ



ಈ ಮಾಲಿಕೆಯ ಕಾರ್ಯಕ್ರಮವನ್ನು ನೀವು ಪರದೆಯ ಮೇಲೆ ನೋಡಿದಾಗ ಒಂದು ದೃಶ್ಯವನ್ನು ಗಮನಿಸಿರಬಹುದು. ರೈತರೊಬ್ಬರು ಬೆರಳು ಗಾತ್ರದ ಕಾಂಡವನ್ನು ಅಡ್ಡಲಾಗಿ ಕತ್ತರಿಸುತ್ತಾರೆ, ನಡುವೆ ಚಾಕುವಿನಿಂದ ಸೀಳುತ್ತಾರೆ, ಬೆಣೆಯಂತೆ ಕೆತ್ತಿದ ಇನ್ನೊಂದು ಕಡ್ಡಿಯನ್ನು ಆ ಸೀಳಿನೊಳಗೆ ಇಳಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಾರೆ. ಇಷ್ಟೂ ಕೆಲಸ ಪರದೆಯ ಮೇಲೆ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಆ ಅರ್ಧ ನಿಮಿಷದ ಹಿಂದೆ ಸುಮಾರು ಮುನ್ನೂರೈವತ್ತು ವರ್ಷಗಳ ವಿಜ್ಞಾನವಿದೆ. ಪರದೆಯ ಮೇಲೆ ಹೇಳಲು ಸಮಯ ಸಾಲದೆ ಹೋದ ಆ ಕಥೆಯನ್ನು ಈ ಪುಟಗಳಲ್ಲಿ ಹೇಳುತ್ತೇನೆ.

ದೃಶ್ಯ ಚಿತ್ರೀಕರಿಸಿದ್ದು ಹೊನವಾಡದಲ್ಲಿ. ವಿಜಯಪುರದಿಂದ ಪಶ್ಚಿಮಕ್ಕೆ ಹೊರಟು ತಿಕೋಟಾ ದಾಟಿದರೆ ಈ ಊರು ಸಿಗುತ್ತದೆ. ಮಳೆ ಕಡಿಮೆ, ಬಿಸಿಲು ಧಾರಾಳ. ಒಂದು ಕಾಲಕ್ಕೆ ಬಿಳಿಜೋಳದ ಸೀಮೆ ಎಂದಷ್ಟೇ ಹೆಸರಾಗಿದ್ದ ಈ ಭಾಗ ಇಂದು ಕರ್ನಾಟಕದ ದ್ರಾಕ್ಷಿಯ ಮುಖ್ಯ ನೆಲೆಗಳಲ್ಲಿ ಒಂದು. ಇಲ್ಲಿನವರು ದ್ರಾಕ್ಷಿ ತೋಟವನ್ನು ‘ಪಡ’ ಎನ್ನುತ್ತಾರೆ, ಬಳ್ಳಿ ಸವರುವುದನ್ನು ‘ಚಾಟ್ನಿ’ ಎನ್ನುತ್ತಾರೆ. ನಮಗೆ ಕಸಿ ಮಾಡಿ ತೋರಿಸಿದ ಯಜಮಾನರು ಕತ್ತರಿಸಿದ ಕಾಂಡವನ್ನು ನನ್ನ ಕಣ್ಣಿನ ಹತ್ತಿರ ಹಿಡಿದು, “ಸಾಹೇಬ್ರ, ತೊಗಟಿ ಕೆಳಗ ಹಸುರು ಗೆರಿ ಐತಿ ನೋಡ್ರಿ, ಅಲ್ಲೇ ಐತಿ ಬಳ್ಳಿ ಜೀವ. ಈ ಗೆರಿಗೆ ಆ ಗೆರಿ ಕೂಡಲಿಲ್ಲಂದ್ರ ಎಷ್ಟು ಬಿಗಿ ಕಟ್ಟಿದ್ರೂ ಅಷ್ಟ” ಎಂದರು.

ನಾನು ವಿಜ್ಞಾನ ಪದವೀಧರ. ಎರಡು ದಶಕಗಳ ಹಿಂದೆ ಪರೀಕ್ಷೆಯಲ್ಲಿ ‘ಅಂಗಾಂಶದ ವಿಧಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಚಿತ್ರಸಹಿತ ಉತ್ತರ ಬರೆದು ಅಂಕ ಪಡೆದವನು. ಕ್ಯಾಂಬಿಯಂ ಎಂಬ ಪದವನ್ನು ಎಷ್ಟೋ ಬಾರಿ ಬರೆದಿದ್ದೆ. ಆದರೆ ಅದರ ಜಾಗ ಎಲ್ಲಿ ಎಂದು ಬೆರಳಿಟ್ಟು ತೋರಿಸಿದವರು ಹೊನವಾಡದ ಆ ಯಜಮಾನರು. ನಿಮಗೆ ಹಾಗಾಗಬಾರದು ಎಂಬುದೇ ಈ ಲೇಖನದ ಆಸೆ.

ಮಗ್ಗದಿಂದ ಬಂದ ಪದ

‘ಅಂಗಾಂಶ’ ಎಂದರೆ ಅಂಗದ ಅಂಶ. ಅರ್ಥ ಸ್ಪಷ್ಟವಾಗಿದೆ. ಆದರೆ ಬೇರೆ ಭಾಷೆಗಳಲ್ಲಿ ಈ ಪದದೊಳಗೆ ಒಂದು ಚಿತ್ರವಿದೆ. ಇಂಗ್ಲಿಷಿನ ‘ಟಿಶ್ಯೂ’ ಬಂದದ್ದು ಫ್ರೆಂಚಿನ ‘ತಿಸ್ಯೂ’ ಎಂಬುದರಿಂದ. ಅದರ ಅರ್ಥ ನೇಯ್ದದ್ದು, ಬಟ್ಟೆ. ಅಂಗಾಂಶಗಳ ಅಧ್ಯಯನಕ್ಕೆ ‘ಹಿಸ್ಟಾಲಜಿ’ ಎಂಬ ಹೆಸರು 1819ರಲ್ಲಿ ಬಂತು. ಅದರ ಮೂಲವಾದ ಗ್ರೀಕ್ ಪದಕ್ಕೆ ಮಗ್ಗ, ನೇಯ್ಗೆ ಎಂಬ ಅರ್ಥಗಳಿವೆ. ಹಿಂದಿಯವರು ಬಳಸುವ ‘ಊತಕ’ವೂ ನೇಯುವುದಕ್ಕೆ ಸಂಬಂಧಿಸಿದ ಸಂಸ್ಕೃತ ಧಾತುವಿನಿಂದಲೇ ಬಂದದ್ದು.

ಏಕೆ ಎಲ್ಲರಿಗೂ ಮಗ್ಗವೇ ನೆನಪಾಯಿತು? ಒಂದು ನೂಲಿನೆಳೆ ಬಟ್ಟೆಯಲ್ಲ. ಒಂದೇ ಬಗೆಯ ಸಾವಿರಾರು ಎಳೆಗಳು ಒಂದು ಕ್ರಮದಲ್ಲಿ ಕೂಡಿ ಒಂದು ಕೆಲಸಕ್ಕೆ ಒದಗಿದಾಗ ಅದು ಬಟ್ಟೆ. ಹಾಗೆಯೇ ಒಂದು ಜೀವಕೋಶ ಅಂಗಾಂಶವಲ್ಲ. ಸಮಾನ ಮೂಲದ, ಸಮಾನ ರಚನೆಯ ಕೋಶಗಳು ಕೂಡಿ ಒಂದು ಕೆಲಸ ಮಾಡಿದಾಗ ಅದು ಅಂಗಾಂಶ. ಹಲವು ಅಂಗಾಂಶಗಳು ಸೇರಿದರೆ ಅಂಗ.

ಈ ಹೋಲಿಕೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕೆಂದರೆ ಇಳಕಲ್ಲಿಗೆ ಹೋಗಿ. 1997ರಲ್ಲಿ ಬಾಗಲಕೋಟೆ ಜಿಲ್ಲೆ ರಚನೆಯಾಗುವವರೆಗೆ ಅದೂ ವಿಜಾಪುರ ಜಿಲ್ಲೆಯದೇ ಊರು. ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಪ್ರತ್ಯೇಕವಾಗಿ ಸಿದ್ಧಮಾಡಿ, ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಕುಣಿಕೆ ಕುಣಿಕೆಯಾಗಿ ಕೋದು ಜೋಡಿಸುತ್ತಾರೆ. ಎಳೆಗೆ ಎಳೆ ಕೂಡಿದರೆ ಮಾತ್ರ ಸೆರಗು ಒಡಲಿನಲ್ಲಿ ನಿಲ್ಲುತ್ತದೆ. ಹೊನವಾಡದ ಯಜಮಾನರು ‘ಗೆರಿಗೆ ಗೆರಿ ಕೂಡಬೇಕು’ ಎಂದಾಗ ನನಗೆ ನೆನಪಾದದ್ದು ಇದೇ ಜೋಡಣೆ.

ಮಸೂರದ ಕೆಳಗೆ ಕಂಡ ಕಸೂತಿ

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಬೆಂಡಿನ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರಲ್ಲಿ ಜೇನುಗೂಡಿನಂಥ ಕೋಣೆಗಳನ್ನು ಕಂಡು ‘ಸೆಲ್’ ಎಂದು ಕರೆದ ಸಂಗತಿ ನಿಮಗೆ ಗೊತ್ತು. ಅಲ್ಲಿ ಅವನು ನೋಡಿದ್ದು ಸತ್ತ ಅಂಗಾಂಶವನ್ನು. ಮರದ ಹೊರಕವಚದ ಖಾಲಿ ಗೋಡೆಗಳನ್ನು.

ಜೀವಂತ ಸಸ್ಯದ ಒಳರಚನೆಯನ್ನು ಮೊದಲು ಕ್ರಮವಾಗಿ ಬಿಡಿಸಿದವರು ಇಬ್ಬರು ವೈದ್ಯರು. ಒಬ್ಬ ಇಂಗ್ಲೆಂಡಿನ ನೆಹೆಮಿಯಾ ಗ್ರ್ಯೂ, ಇನ್ನೊಬ್ಬ ಇಟಲಿಯ ಮಾರ್ಸೆಲ್ಲೊ ಮಾಲ್ಪಿಘಿ. ಇಬ್ಬರೂ ಬೇರೆ ಬೇರೆ ದೇಶದಲ್ಲಿದ್ದು 1670ರ ದಶಕದಲ್ಲಿ ಒಂದೇ ಕೆಲಸ ಮಾಡುತ್ತಿದ್ದರು. 1682ರಲ್ಲಿ ಪ್ರಕಟವಾದ ಗ್ರ್ಯೂನ ಸಸ್ಯರಚನೆಯ ಗ್ರಂಥದಲ್ಲಿ ದ್ರಾಕ್ಷಿ ಕಾಂಡದ ಅಡ್ಡಸೀಳಿಕೆಯ ಚಿತ್ರವೂ ಇದೆ. ಕಾಂಡದ ಮೆತ್ತನೆಯ ಭಾಗವನ್ನು ಕಂಡು ಅವನಿಗೆ ನೆನಪಾದದ್ದು ಹೆಂಗಸರು ದಿಂಬಿನ ಮೇಲಿಟ್ಟು ಹೆಣೆಯುವ ನಯವಾದ ಲೇಸು. ಆ ಮೆತ್ತನೆಯ ಭಾಗಕ್ಕೆ ಅವನು ಬಳಸಿದ ‘ಪೇರೆಂಕೈಮ’ ಎಂಬ ಹೆಸರೇ ಇಂದಿಗೂ ನಿಮ್ಮ ಪಠ್ಯಪುಸ್ತಕದಲ್ಲಿದೆ.

ಮಾಲ್ಪಿಘಿ ಒಂದು ಸರಳ ಪ್ರಯೋಗ ಮಾಡಿದ. ಕಾಂಡದ ಸುತ್ತ ತೊಗಟೆಯನ್ನು ಉಂಗುರದಂತೆ ಬಿಡಿಸಿ ತೆಗೆದ. ಗಿಡ ಒಣಗಲಿಲ್ಲ; ಎಲೆಗಳಿಗೆ ನೀರು ಏರುತ್ತಲೇ ಇತ್ತು. ಆದರೆ ಕೆಲ ಕಾಲದ ಮೇಲೆ ಉಂಗುರದ ಮೇಲ್ಗಡೆ ಕಾಂಡ ಊದಿಕೊಂಡಿತು. ಅಂದರೆ ನೀರು ಏರುವ ದಾರಿ ಒಳಗಿನ ಕಟ್ಟಿಗೆಯಲ್ಲಿದೆ, ಎಲೆಯಲ್ಲಿ ತಯಾರಾದ ಆಹಾರ ಇಳಿಯುವ ದಾರಿ ತೊಗಟೆಯಲ್ಲಿದೆ. ಆ ದಾರಿ ಕಡಿದುದರಿಂದ ಆಹಾರ ಮೇಲೆಯೇ ನಿಂತಿತು. ಕ್ಸೈಲಂ, ಫ್ಲೋಯಂ ಎಂಬ ಹೆಸರುಗಳು ಹುಟ್ಟಲು ಇನ್ನೂ ಸುಮಾರು ಎರಡು ಶತಮಾನ ಬೇಕಿತ್ತು. ಆದರೂ ಅವುಗಳ ಕೆಲಸದ ಹಂಚಿಕೆಯ ಸುಳಿವು ಆಗಲೇ ಸಿಕ್ಕಿತ್ತು.

ಇದೇ ಪ್ರಯೋಗವನ್ನು ನೀವು ಇಂದು ದ್ರಾಕ್ಷಿ ಪಡದಲ್ಲಿ ನೋಡಬಹುದು. ಕಾಯಿ ಕಟ್ಟಿದ ಮೇಲೆ ಕೆಲವು ಬೆಳೆಗಾರರು ಕಾಂಡದ ಸುತ್ತ ಎರಡು ಮೂರು ಮಿಲಿಮೀಟರ್ ಅಗಲದ ತೊಗಟೆಯನ್ನು ಉಂಗುರವಾಗಿ ತೆಗೆಯುತ್ತಾರೆ. ‘ಗರ್ಡ್ಲಿಂಗ್’ ಎನ್ನುತ್ತಾರೆ. ಎಲೆ ತಯಾರಿಸಿದ ಸಕ್ಕರೆ ಬೇರಿಗೆ ಇಳಿಯದೆ ಗೊನೆಯಲ್ಲಿ ಸೇರುತ್ತದೆ, ಕಾಯಿ ದಪ್ಪವಾಗುತ್ತದೆ. ಕೆಲವು ವಾರಗಳಲ್ಲಿ ಗಾಯ ಮಾಯುತ್ತದೆ. ಉಂಗುರ ಅಗಲವಾದರೆ ಅಥವಾ ಚಾಕು ಆಳಕ್ಕಿಳಿದರೆ ಗಾಯ ಮಾಯುವುದಿಲ್ಲ, ಬೇರು ಉಪವಾಸ ಬೀಳುತ್ತದೆ, ಬಳ್ಳಿಯೇ ಹೋಗುತ್ತದೆ. ಮಿಲಿಮೀಟರಿನ ಲೆಕ್ಕದಲ್ಲಿ ಒಂದು ವರ್ಷದ ಬೆಳೆ ನಿಂತಿರುತ್ತದೆ.

ಬಳ್ಳಿ ಅತ್ತಾಗ

ಚಾಟ್ನಿ ಮಾಡಿದ ಮೇಲೆ ಕಡ್ಡಿಯ ತುದಿಯಿಂದ ತೊಟ್ಟು ತೊಟ್ಟಾಗಿ ನೀರು ಸುರಿಯುವುದುಂಟು. ‘ಬಳ್ಳಿ ಅಳತೈತಿ’ ಎನ್ನುತ್ತಾರೆ. ಈ ಅಳುವೇ ಒಂದು ದೊಡ್ಡ ಸಂಶೋಧನೆಗೆ ದಾರಿಯಾಯಿತು.

ಇಂಗ್ಲೆಂಡಿನ ಟೆಡಿಂಗ್ಟನ್ ಎಂಬಲ್ಲಿ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಇದ್ದರು. ಕತ್ತರಿಸಿದ ದ್ರಾಕ್ಷಿ ಬಳ್ಳಿಯಿಂದ ನೀರು ನಿಲ್ಲದೆ ಸುರಿಯತೊಡಗಿದಾಗ ಅವರು ಅದರ ತುದಿಗೆ ಪ್ರಾಣಿಯ ಮೂತ್ರಕೋಶದ ತುಂಡೊಂದನ್ನು ಬಿಗಿದು ಕಟ್ಟಿದರು. ಸ್ವಲ್ಪ ಹೊತ್ತಿನಲ್ಲಿ ಅದು ಉಬ್ಬಿ ನಿಂತಿತು. ಒಳಗಿನಿಂದ ಯಾವುದೋ ಬಲ ತಳ್ಳುತ್ತಿದೆಯಲ್ಲವೇ? ಎಷ್ಟು ಬಲ? ಹೇಲ್ಸರು ಬಳ್ಳಿಯ ಮೋಟಿಗೆ ಪಾದರಸ ತುಂಬಿದ ಬಾಗಿದ ಗಾಜಿನ ಕೊಳವೆ ಜೋಡಿಸಿ ಅಳೆದೇಬಿಟ್ಟರು. ಆ ಒತ್ತಡ ನೀರನ್ನು 40 ಅಡಿಗೂ ಹೆಚ್ಚು ಎತ್ತರಕ್ಕೆ ಏರಿಸಬಲ್ಲಷ್ಟಿತ್ತು. 1727ರಲ್ಲಿ ಈ ಪ್ರಯೋಗಗಳ ಪುಸ್ತಕ ಪ್ರಕಟವಾಯಿತು. ಕುದುರೆಯ ರಕ್ತನಾಳಕ್ಕೆ ಕೊಳವೆ ಸೇರಿಸಿ ರಕ್ತದ ಒತ್ತಡವನ್ನು ಮೊದಲು ಅಳೆದವರೂ ಇವರೇ. ಗಿಡದ ರಸ, ಪ್ರಾಣಿಯ ರಕ್ತ ಎರಡನ್ನೂ ಒಂದೇ ಬಗೆಯ ಪ್ರಶ್ನೆಯಿಂದ ನೋಡಿದ್ದು ಅವರ ಹಿರಿಮೆ.

ಹೇಲ್ಸರು ಕಂಡದ್ದು ಬೇರಿನ ಒತ್ತಡ. ಎಲೆ ತುಂಬಿದ ಬಳ್ಳಿಯಲ್ಲಿ ನೀರೇರಲು ಮುಖ್ಯ ಕಾರಣ ಎಲೆಯಿಂದ ನೀರು ಆವಿಯಾಗುವಾಗ ಉಂಟಾಗುವ ಸೆಳೆತ. ನೀರಿನ ಅಣುಗಳು ಒಂದನ್ನೊಂದು ಹಿಡಿದುಕೊಂಡು ಎಳೆ ತುಂಡಾಗದೆ ಮೇಲೇರುತ್ತವೆ ಎಂಬ ವಿವರಣೆಯನ್ನು 1894ರಲ್ಲಿ ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ ಕೊಟ್ಟರು. ಈ ಎಳೆ ಏರುವ ಕೊಳವೆಗಳು ಸತ್ತ ಕೋಶಗಳಿಂದ ಆದವು ಎಂಬುದು ಸೋಜಿಗ. ಬದುಕಿರುವವರೆಗೆ ಗೋಡೆ ಕಟ್ಟಿ, ಸತ್ತ ಮೇಲೆ ನಾಳವಾಗಿ ಒದಗುವ ಕೋಶಗಳವು.

ಸೂಕ್ಷ್ಮದರ್ಶಕವಿಲ್ಲದ ಅಂಗಾಂಶ ವಿಜ್ಞಾನಿ

ಈಗ ಪ್ರಾಣಿಗಳ ಕಡೆಗೆ ಬರೋಣ. ‘ಅಂಗಾಂಶ’ವನ್ನು ವೈದ್ಯಶಾಸ್ತ್ರದ ಮುಖ್ಯ ಪರಿಕಲ್ಪನೆಯನ್ನಾಗಿ ಮಾಡಿದವನು ಫ್ರಾನ್ಸಿನ ಕ್ಸೇವಿಯರ್ ಬಿಶಾ. ಹುಟ್ಟಿದ್ದು 1771ರಲ್ಲಿ, ತೀರಿಕೊಂಡದ್ದು 1802ರಲ್ಲಿ, ಕೇವಲ ಮೂವತ್ತು ವರ್ಷದವನಾಗಿ. ಪ್ಯಾರಿಸಿನ ಆಸ್ಪತ್ರೆಯಲ್ಲಿ ನೂರಾರು ಶವಗಳನ್ನು ಕೊಯ್ದು ನೋಡಿದ. ಸೂಕ್ಷ್ಮದರ್ಶಕದ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಆ ಕಾಲದ ಮಸೂರಗಳು ಇಲ್ಲದ್ದನ್ನೂ ತೋರಿಸುತ್ತಿದ್ದವು. ಅವನು ಅಂಗಗಳನ್ನು ಕುದಿಸಿದ, ಒಣಗಿಸಿದ, ಕೊಳೆಯಲು ಬಿಟ್ಟ, ಆಮ್ಲದಲ್ಲಿ ನೆನೆಸಿದ. ಯಾವ ಪದರ ಹೇಗೆ ವರ್ತಿಸುತ್ತದೆ ಎಂದು ಬರೆದಿಟ್ಟ. ಹೀಗೆ 21 ಬಗೆಯ ಅಂಗಾಂಶಗಳನ್ನು ಗುರುತಿಸಿದ.

ಅವನ ದೊಡ್ಡ ತಿಳಿವಳಿಕೆ ಇದು: ರೋಗ ಇಡೀ ಅಂಗಕ್ಕೆ ತಗಲುವುದಿಲ್ಲ, ಅಂಗದಲ್ಲಿರುವ ಒಂದು ಅಂಗಾಂಶಕ್ಕೆ ತಗಲುತ್ತದೆ. ಹೃದಯದ ಸ್ನಾಯು ಚೆನ್ನಾಗಿದ್ದು ಅದರ ಹೊರಪೊರೆ ಮಾತ್ರ ಕೆಡಬಹುದು. ಹಾಗೆಯೇ ಒಂದೇ ಬಗೆಯ ಅಂಗಾಂಶ ಬೇರೆ ಬೇರೆ ಅಂಗಗಳಲ್ಲಿದ್ದರೂ ಒಂದೇ ರೀತಿ ಕೆಡುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಲೇಖನದ ಕೊನೆಗೆ ಮತ್ತೆ ಬೇಕಾಗುತ್ತದೆ.

ಮುಂದೆ ಮಸೂರಗಳು ಸುಧಾರಿಸಿದವು. 1838ರಲ್ಲಿ ಶ್ಲೈಡೆನ್ ಸಸ್ಯಗಳಿಗೂ 1839ರಲ್ಲಿ ಶ್ವಾನ್ ಪ್ರಾಣಿಗಳಿಗೂ ಕೋಶವೇ ಮೂಲ ಘಟಕವೆಂದರು. ಆ ಬೆಳಕಿನಲ್ಲಿ ನೋಡಿದಾಗ ಬಿಶಾನ 21 ಬಗೆಗಳು ಹತ್ತೊಂಬತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ನಾಲ್ಕು ಗುಂಪುಗಳಾಗಿ ಒಟ್ಟುಗೂಡಿದವು. ನೀವು ಶಾಲೆಯಲ್ಲಿ ಓದುವುದು ಇವನ್ನೇ.

ಮೊದಲನೆಯದು ಅನುಲೇಪಕ ಅಂಗಾಂಶ. ಚರ್ಮದ ಹೊರಪದರ, ಬಾಯಿಯ ಒಳಗೋಡೆ, ಕರುಳಿನ ಒಳಪದರ, ಗ್ರಂಥಿಗಳು. ಕೋಶಗಳು ಒತ್ತೊತ್ತಾಗಿ ಹಾಸುಗಲ್ಲಿನಂತೆ ಕೂತಿರುತ್ತವೆ. ಕೆಲಸ ಕಾವಲು, ಹೀರುವುದು, ಸ್ರವಿಸುವುದು.

ಎರಡನೆಯದು ಸಂಯೋಜಕ ಅಂಗಾಂಶ. ಇಲ್ಲಿ ಕೋಶಗಳಿಗಿಂತ ಅವುಗಳ ನಡುವಿನ ವಸ್ತುವೇ ಹೆಚ್ಚು. ಮೂಳೆ, ಮೃದ್ವಸ್ಥಿ, ಕೊಬ್ಬು, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಎಲ್ಲವೂ ಈ ಗುಂಪಿನವು. ರಕ್ತವೂ ಇದರಲ್ಲೇ ಸೇರುತ್ತದೆ. ದ್ರವವಾಗಿರುವುದು ಅಂಗಾಂಶ ಹೇಗಾದೀತು ಎಂದು ನೀವು ಕೇಳಬಹುದು. ರಕ್ತದಲ್ಲೂ ಕೋಶಗಳಿವೆ, ಅವುಗಳ ನಡುವೆ ಪ್ಲಾಸ್ಮಾ ಎಂಬ ವಸ್ತುವಿದೆ, ದೇಹದ ಭಾಗಗಳನ್ನು ಒಂದಕ್ಕೊಂದು ಸೇರಿಸುವ ಕೆಲಸವಿದೆ. ಆದ್ದರಿಂದ ಅದೂ ಸಂಯೋಜಕವೇ.

ಮೂರನೆಯದು ಸ್ನಾಯು ಅಂಗಾಂಶ. ಕುಗ್ಗಿ ಹಿಗ್ಗಿ ಚಲನೆ ಕೊಡುವುದು. ಕೈಕಾಲಿನದು ನಮ್ಮ ಇಚ್ಛೆಗೆ ಒಳಪಟ್ಟದ್ದು, ಕರುಳಿನದು ಇಚ್ಛೆಗೆ ಒಳಪಡದ್ದು, ಹೃದಯದ್ದು ಜೀವಮಾನವಿಡೀ ದಣಿಯದೆ ದುಡಿಯುವಂಥದ್ದು. ನಾಲ್ಕನೆಯದು ನರ ಅಂಗಾಂಶ, ಸುದ್ದಿ ಸಾಗಿಸುವುದು. ಇದರ ಕೋಶಗಳನ್ನು ಬಣ್ಣಹಾಕಿ ಬಿಡಿಬಿಡಿಯಾಗಿ ತೋರಿಸಿದ ಇಟಲಿಯ ಗಾಲ್ಗಿ ಮತ್ತು ಸ್ಪೇನಿನ ಕಹಾಲ್ 1906ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಬಳ್ಳಿಯಲ್ಲಿರುವ ಅಂಗಾಂಶಗಳು

ಸಸ್ಯಕ್ಕೆ ಓಡಾಟವಿಲ್ಲ, ಆದ್ದರಿಂದ ಸ್ನಾಯುವಿಲ್ಲ, ನರವೂ ಇಲ್ಲ. ಅದರ ಹಂಚಿಕೆಯೇ ಬೇರೆ. ಸ್ವಿಟ್ಜರ್ಲೆಂಡಿನ ಕಾರ್ಲ್ ನೇಗೆಲಿ 1858ರಲ್ಲಿ ಕ್ಸೈಲಂ, ಫ್ಲೋಯಂ, ಮೆರಿಸ್ಟೆಮ್ ಎಂಬ ಹೆಸರುಗಳನ್ನು ಕೊಟ್ಟ. ಮೆರಿಸ್ಟೆಮ್ ಅನ್ನು ನಾವು ವರ್ಧನ ಅಂಗಾಂಶ ಎನ್ನುತ್ತೇವೆ. ಅದು ವಿಭಜಿಸುತ್ತಲೇ ಇರುತ್ತದೆ. ಅದರಿಂದ ಹುಟ್ಟಿ, ಒಂದು ಕೆಲಸಕ್ಕೆ ನೆಲೆನಿಂತದ್ದು ಶಾಶ್ವತ ಅಂಗಾಂಶ.

ಹೊನವಾಡದ ಒಂದು ಬಳ್ಳಿಯನ್ನೇ ಮುಂದಿಟ್ಟುಕೊಂಡು ಇವನ್ನು ಎಣಿಸೋಣ. ಚಿಗುರಿನ ತುದಿಯಲ್ಲಿ, ಬೇರಿನ ತುದಿಯಲ್ಲಿ ವರ್ಧನ ಅಂಗಾಂಶವಿದೆ. ಕಾಂಡ, ಬೇರುಗಳಲ್ಲಿರುವ ಪೇರೆಂಕೈಮ ಪಿಷ್ಟದ ಕಣಜ. ಚಾಟ್ನಿ ಮಾಡಿ ಎಲೆಯೇ ಇಲ್ಲದ ಬಳ್ಳಿ ಮತ್ತೆ ಚಿಗುರುವುದು ಈ ಕೂಡಿಟ್ಟ ಗಂಟಿನಿಂದ. ಎಳೆಯ ಚಿಗುರಿಗೂ ಎಲೆಯ ತೊಟ್ಟಿಗೂ ಬಾಗುವ ಬಲ ಕೊಡುವುದು ಕೋಲೆಂಕೈಮ. ನಾರಿಗೂ ಬೀಜದ ಗಟ್ಟಿ ಸಿಪ್ಪೆಗೂ ಬಿರುಸು ಕೊಡುವುದು ಸ್ಕ್ಲೀರೆಂಕೈಮ. ನೀರು ಏರಿಸಲು ಕ್ಸೈಲಂ, ಸಕ್ಕರೆ ಸಾಗಿಸಲು ಫ್ಲೋಯಂ. ಇವೆರಡರ ನಡುವೆ ಇರುವ ತೆಳುವಾದ ವರ್ಧನ ಅಂಗಾಂಶದ ಉಂಗುರವೇ ಕ್ಯಾಂಬಿಯಂ. ಒಳಗಡೆಗೆ ಕ್ಸೈಲಂ, ಹೊರಗಡೆಗೆ ಫ್ಲೋಯಂ ಹೆರುತ್ತಾ ಕಾಂಡವನ್ನು ದಪ್ಪಗೊಳಿಸುವುದು ಅದು. ಫ್ರಾನ್ಸಿನ ದ್ಯುಹಾಮೆಲ್ ಎಂಬಾತ ಹದಿನೆಂಟನೆಯ ಶತಮಾನದಲ್ಲಿ ತೊಗಟೆಯ ಕೆಳಗೆ ಬೆಳ್ಳಿಯ ತಂತಿ ಇಟ್ಟು, ವರ್ಷಗಳ ಮೇಲೆ ಅದು ಕಟ್ಟಿಗೆಯೊಳಗೆ ಹುದುಗಿರುವುದನ್ನು ತೋರಿಸಿದ್ದ. ಯಜಮಾನರು ಬೆರಳಿಟ್ಟು ತೋರಿಸಿದ ‘ಹಸುರು ಗೆರಿ’ಯ ಒಳಂಚಿನಲ್ಲಿ, ತೊಗಟೆ ಕಟ್ಟಿಗೆಯಿಂದ ಬಿಡುವ ಜಾಗದಲ್ಲಿ ಇರುವುದು ಇದೇ.

ಪರದೇಶದ ಕಾಲು, ಪರದೇಶದ ತಲೆ

1860ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳು ಕಾರಣ ತಿಳಿಯದೆ ಸಾಯತೊಡಗಿದವು. 1868ರಲ್ಲಿ ಬೇರುಗಳಲ್ಲಿ ಒಂದು ಸಣ್ಣ ಹೇನಿನಂಥ ಕೀಟ ಪತ್ತೆಯಾಯಿತು. ಹೆಸರು ಫಿಲಾಕ್ಸೆರಾ. ಅಮೆರಿಕದಿಂದ ಬಂದ ಗಿಡಗಳೊಡನೆ ಅದೂ ಬಂದಿತ್ತು. ಲಕ್ಷಾಂತರ ಎಕರೆ ಹಾಳಾಯಿತು. ಊರು ಬಿಟ್ಟು ಹೋದ ಕುಟುಂಬಗಳಿಗೆ ಲೆಕ್ಕವಿಲ್ಲ. ಔಷಧಿಗಳು ಸಾಲಲಿಲ್ಲ. ಕೊನೆಗೆ ಉಳಿದ ದಾರಿ ಕಸಿ: ಕೀಟವನ್ನು ತಡೆದುಕೊಳ್ಳುವ ಅಮೆರಿಕದ ಕಾಡುಬಳ್ಳಿಯ ಬೇರು, ಅದರ ಮೇಲೆ ಫ್ರಾನ್ಸಿನ ಬಳ್ಳಿಯ ಕಡ್ಡಿ. ಬೇರು ಬೇರೆಯಾದರೆ ಹಣ್ಣಿನ ರುಚಿ ಕೆಟ್ಟೀತೆಂದು ಅನೇಕರು ವಿರೋಧಿಸಿದರು. ಆದರೆ ಕಸಿಯಲ್ಲಿ ಅಂಗಾಂಶಗಳು ಕೂಡುತ್ತವೆ, ಬೆರೆತುಹೋಗುವುದಿಲ್ಲ. ಗಾಯದ ಕೆಳಗಿನ ಕೋಶಗಳು ಬೇರಿನ ಜಾತಿಯವಾಗಿಯೇ, ಮೇಲಿನ ಕೋಶಗಳು ಕಡ್ಡಿಯ ಜಾತಿಯವಾಗಿಯೇ ಉಳಿಯುತ್ತವೆ. ಹಣ್ಣು ಕಡ್ಡಿಯದು.

ನಮ್ಮ ಸೀಮೆಯ ಕಷ್ಟ ಬೇರೆ ಬಗೆಯದು. ಇಲ್ಲಿ ಕೊಂದದ್ದು ಕೀಟವಲ್ಲ. ನೀರಿನ ಅಭಾವ, ಕೊಳವೆಬಾವಿಯ ಸವಳು ನೀರು. ಬರ ಬಿದ್ದ ವರ್ಷ ಟ್ಯಾಂಕರಿನಲ್ಲಿ ನೀರು ತರಿಸಿ ಬಳ್ಳಿ ಉಳಿಸಿಕೊಂಡವರೂ ಇದ್ದಾರೆ, ಉಳಿಸಿಕೊಳ್ಳಲಾಗದೆ ಕಿತ್ತುಹಾಕಿದವರೂ ಇದ್ದಾರೆ. ತುಬಚಿ-ಬಬಲೇಶ್ವರ ಏತ ನೀರಾವರಿಯ ಮೂಲಕ ಕೃಷ್ಣೆಯ ನೀರು ಈ ಭಾಗಕ್ಕೆ ಹರಿದುಬಂದದ್ದು ಆಮೇಲಿನ ಮಾತು. ಅದಕ್ಕೂ ಮೊದಲೇ, 1990ರ ದಶಕದಿಂದ, ಮಹಾರಾಷ್ಟ್ರ ಮತ್ತು ಕರ್ನಾಟಕದ ಬೆಳೆಗಾರರು ‘ಡಾಗ್‌ರಿಜ್’ ಎಂಬ ಬೇರುಗಿಡಕ್ಕೆ ತಿರುಗಿದರು. ಇದು ಅಮೆರಿಕದ ಟೆಕ್ಸಾಸಿನ ಕಾಡುಬಳ್ಳಿಯ ವಂಶದ್ದು. ಬರವನ್ನೂ ಉಪ್ಪನ್ನೂ ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ.

ಅದರ ಮೇಲೆ ಕೂರಿಸುವ ಕಡ್ಡಿ ಹೆಚ್ಚಾಗಿ ಥಾಮ್ಸನ್ ಸೀಡ್‌ಲೆಸ್ ಅಥವಾ ಅದರಿಂದ ಬಂದ ತಳಿ. ಥಾಮ್ಸನ್ ಎಂಬುದು 1870ರ ದಶಕದಲ್ಲಿ ಅದನ್ನು ಕ್ಯಾಲಿಫೋರ್ನಿಯಾದಲ್ಲಿ ಬೆಳೆದವನ ಹೆಸರು. ಬಳ್ಳಿಯ ಮೂಲ ಪಶ್ಚಿಮ ಏಷ್ಯಾ. ಬೀಜವಿಲ್ಲದ ಹಣ್ಣಾದ್ದರಿಂದ ಇದನ್ನು ಬೆಳೆಸುವುದು ಕಡ್ಡಿಯಿಂದಲೇ. ಯೋಚಿಸಿ ನೋಡಿ: ತಿಕೋಟಾದಲ್ಲಿರುವ ಬಳ್ಳಿಯೂ ಕ್ಯಾಲಿಫೋರ್ನಿಯಾದಲ್ಲಿರುವ ಬಳ್ಳಿಯೂ ಒಂದೇ ಮೂಲ ಗಿಡದ ವರ್ಧನ ಅಂಗಾಂಶದ ಮುಂದುವರಿಕೆ. ನಡುನಡುವೆ ಯಾವುದೋ ಒಂದು ಮೊಗ್ಗಿನಲ್ಲಿ ತಾನಾಗಿ ಬದಲಾವಣೆ ಆಗುತ್ತದೆ. ಕಣ್ಣುಳ್ಳ ರೈತ ಆ ಕಡ್ಡಿಯನ್ನು ಬೇರೆ ಮಾಡಿ ಬೆಳೆಸುತ್ತಾನೆ. ಗಡಿಯಾಚೆಯ ತಾಸಗಾಂವ್, ಸೊಲ್ಲಾಪುರಗಳ ಕಡೆಯಿಂದ ಬಂದ ತಾಸ್-ಎ-ಗಣೇಶ್, ಸೋನಾಕಾ ತಳಿಗಳು ಹೀಗೆ ರೈತರ ಕಣ್ಣಿಗೆ ಬಿದ್ದು ಉಳಿದವು.

ಕೂಡದೆ ಹೋದ ಕಸಿ

ನಮ್ಮ ಯಜಮಾನರು ಮೊದಲ ಸಲ ಕಸಿ ಮಾಡಿದ ವರ್ಷ ಅರ್ಧಕ್ಕರ್ಧ ಗಿಡಗಳು ಹಿಡಿಯಲಿಲ್ಲವಂತೆ. ಸಾಲ ತಂದು ಬೇರುಗಿಡ ನೆಟ್ಟಿದ್ದರು. “ದೇವರ ಮ್ಯಾಲೆ ಭಾರ ಹಾಕಿ ಕುಂತಿದ್ದೆ. ಆಮ್ಯಾಲೆ ಸತ್ತ ಕಸಿ ಒಂದೊಂದ ಬಿಚ್ಚಿ ನೋಡಿದೆ. ತಪ್ಪು ದೇವರದಲ್ಲ, ನನ್ನ ಚಾಕೂದು” ಎಂದರು. ಬೇರುಗಿಡದ ಕಾಂಡ ದಪ್ಪ, ಕಡ್ಡಿ ತೆಳು. ಕಡ್ಡಿಯನ್ನು ಸೀಳಿನ ನಟ್ಟನಡುವೆ ಕೂರಿಸಿದ್ದರು. ನೋಡಲು ಅಂದವಾಗಿತ್ತು. ಆದರೆ ಎರಡರ ಕ್ಯಾಂಬಿಯಂ ಎಲ್ಲೂ ಮುಟ್ಟಿರಲಿಲ್ಲ. ಮರುವರ್ಷ ಕಡ್ಡಿಯನ್ನು ಒಂದು ಬದಿಗೆ ಸರಿಸಿ, ಆ ಬದಿಯ ಗೆರೆಗೆ ಗೆರೆ ಕೂಡುವಂತೆ ಕಟ್ಟಿದರು. ಬಹುಪಾಲು ಹಿಡಿದವು.

ಕಟ್ಟಿನೊಳಗೆ ನಡೆಯುವುದೇನು? ಗಾಯದ ಎರಡೂ ಕಡೆಯ ಕೋಶಗಳು ವಿಭಜಿಸಿ ‘ಕ್ಯಾಲಸ್’ ಎಂಬ ಮೆತ್ತನೆಯ ಕೋಶರಾಶಿಯನ್ನು ತುಂಬುತ್ತವೆ. ಆ ರಾಶಿಯೊಳಗೆ ಎರಡು ಕ್ಯಾಂಬಿಯಂಗಳ ನಡುವೆ ಸೇತುವೆಯಾಗುತ್ತದೆ. ಆ ಸೇತುವೆ ಹೊಸ ಕ್ಸೈಲಂ, ಫ್ಲೋಯಂಗಳನ್ನು ಕೊಡುತ್ತದೆ. ಅಲ್ಲಿಯವರೆಗೆ ಕಡ್ಡಿ ತನ್ನೊಳಗಿನ ನೀರಿನಿಂದಲೇ ಬದುಕಬೇಕು. ಅದಕ್ಕಾಗಿಯೇ ಪ್ಲಾಸ್ಟಿಕ್ ಪಟ್ಟಿ, ಮೇಣ.

ಹಾಗಾದರೆ ನಮ್ಮ ಬಿಳಿಜೋಳಕ್ಕೆ ಏಕೆ ಕಸಿ ಕಟ್ಟುವುದಿಲ್ಲ? ಜೋಳ, ಕಬ್ಬು, ಬಾಳೆ ಏಕದಳ ಸಸ್ಯಗಳು. ಅವುಗಳ ನಾಳಕೂರ್ಚಗಳು ಕಾಂಡದ ತುಂಬ ಚದುರಿವೆ, ಕ್ಯಾಂಬಿಯಂ ಉಂಗುರವಿಲ್ಲ. ಇವಕ್ಕೆ ಕಸಿ ಅಸಾಧ್ಯವೆಂದೇ ಪುಸ್ತಕಗಳು ಬಹುಕಾಲ ಹೇಳಿದವು. ಆದರೆ 2022ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬೀಜದೊಳಗಿನ ಭ್ರೂಣದ ಹಂತದಲ್ಲಿ ಗೋಧಿಯಂಥ ಏಕದಳಗಳಿಗೂ ಕಸಿ ಸಾಧ್ಯವೆಂದು ಪ್ರಕಟಿಸಿದರು. ಪಠ್ಯಪುಸ್ತಕದ ‘ಅಸಾಧ್ಯ’ ಎಂಬ ಪದದ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಒಂದು ಪ್ರಶ್ನೆಯ ಗುರುತು ಹಾಕಿಟ್ಟುಕೊಳ್ಳಿ.

ಹಣ್ಣಿನ ಸಿಪ್ಪೆ, ಕಣ್ಣಿನ ಪೊರೆ

ತಾಜಾ ದ್ರಾಕ್ಷಿಯ ಮೇಲೆ ಬೂದಿ ಹಚ್ಚಿದಂಥ ಬಿಳಿ ಛಾಯೆ ನೋಡಿದ್ದೀರಲ್ಲ? ಅದು ಸಿಪ್ಪೆಯ ಹೊರಪದರದ ಕೋಶಗಳು ಸ್ರವಿಸಿದ ಮೇಣ. ಹಣ್ಣಿನ ನೀರು ಹೊರಹೋಗದಂತೆ ಕಾಯುವುದು ಅದು. ಮನೂಕ ಮಾಡುವವರಿಗೆ ಈ ಕಾವಲೇ ಅಡ್ಡಿ. ಆದ್ದರಿಂದ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಒಂದು ಬಗೆಯ ಎಣ್ಣೆ ಕೂಡಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಮೇಣದ ಪದರ ಸಡಿಲವಾಗಿ ನೀರಿಗೆ ದಾರಿ ತೆರೆಯುತ್ತದೆ. ಶೆಡ್ಡಿನ ನೆರಳಿನಲ್ಲಿ ಹಾಸಿದರೆ ಎರಡು ಮೂರು ವಾರದಲ್ಲಿ ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮನೂಕ ಸಿಗುತ್ತದೆ. ಮೆಡಿಟರೇನಿಯನ್ ತೀರದವರು ಇದೇ ಕೆಲಸವನ್ನು ಪ್ರಾಚೀನ ಕಾಲದಿಂದ ಬೂದಿನೀರು ಮತ್ತು ಎಣ್ಣೆಯಿಂದ ಮಾಡುತ್ತಿದ್ದರು. ಒಂದು ಅಂಗಾಂಶದ ಕೆಲಸ ತಿಳಿದಿದ್ದರೆ ಅದನ್ನು ಬೇಕಾದಾಗ ನಿಲ್ಲಿಸಲೂ ಬರುತ್ತದೆ.

ಬಿಶಾನ ಮಾತಿಗೆ ಈಗ ಮರಳೋಣ. ಕೆಡುವುದು ಅಂಗವಲ್ಲ, ಅಂಗಾಂಶ ಎಂದಾದರೆ ಬದಲಿಸಬೇಕಾದದ್ದೂ ಅಂಗಾಂಶವೇ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ಮಂಜಾದರೆ ಹಿಂದಿನ ನರ ಸರಿಯಿದ್ದರೂ ಕಾಣುವುದಿಲ್ಲ. 1905ರ ಡಿಸೆಂಬರಿನಲ್ಲಿ, ಈಗ ಚೆಕ್ ಗಣರಾಜ್ಯದಲ್ಲಿರುವ ಓಲೊಮೌಟ್ಸ್ ಪಟ್ಟಣದಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು ಒಬ್ಬರ ಕಾರ್ನಿಯಾವನ್ನು ಇನ್ನೊಬ್ಬರಿಗೆ ಯಶಸ್ವಿಯಾಗಿ ಕೂರಿಸಿದರು. ಮನುಷ್ಯರಲ್ಲಿ ಪರರ ಅಂಗಾಂಶವನ್ನು ದೇಹ ಸಾಮಾನ್ಯವಾಗಿ ಹೊರದಬ್ಬುತ್ತದೆ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲದಿರುವುದರಿಂದ ಅಲ್ಲಿ ಈ ತಕರಾರು ಕಡಿಮೆ.

ನಿಮಗೆಲ್ಲ ನೆನಪಿರುವ ಘಟನೆಯೊಂದಿದೆ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಎರಡು ಕಣ್ಣು, ದೃಷ್ಟಿ ಸಿಕ್ಕಿದ್ದು ನಾಲ್ವರಿಗೆ. ಹೇಗೆ? ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಪ್ರತಿ ಕಾರ್ನಿಯಾವನ್ನು ಮುಂಪದರ, ಹಿಂಪದರ ಎಂದು ಬಿಡಿಸಿ, ಮುಂಪದರ ಕೆಟ್ಟವರಿಗೆ ಮುಂದಿನದನ್ನೂ ಹಿಂಪದರ ಕೆಟ್ಟವರಿಗೆ ಹಿಂದಿನದನ್ನೂ ಜೋಡಿಸಿದರು. ಅರ್ಧ ಮಿಲಿಮೀಟರಿನಷ್ಟು ದಪ್ಪದ ಪಟಲದಲ್ಲಿ ಅನುಲೇಪಕ, ಸಂಯೋಜಕ ಪದರಗಳು ಬೇರೆ ಬೇರೆ ಇವೆ, ಅವುಗಳ ಕೆಲಸ ಬೇರೆ ಬೇರೆ ಎಂದು ತಿಳಿದಿದ್ದುದರಿಂದಲೇ ಇದು ಸಾಧ್ಯವಾಯಿತು. ಪರೀಕ್ಷೆಗೆಂದು ನೀವು ಬಾಯಿಪಾಠ ಮಾಡುವ ಪಟ್ಟಿ ಇಬ್ಬರ ಬದಲು ನಾಲ್ವರಿಗೆ ಬೆಳಕು ಕೊಟ್ಟಿತು.

ನೀವೇ ನೋಡಿ

ಈ ಪುಟ ಮಡಿಚಿಡುವ ಮುಂಚೆ ಮೂರು ಕೆಲಸ ಮಾಡಿ. ಈರುಳ್ಳಿಯ ಒಳಪದರದ ತೆಳುಪೊರೆಯನ್ನು ಕಿತ್ತು ಬೆಳಕಿಗೆ ಹಿಡಿಯಿರಿ. ಶಾಲೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಅದರಡಿ ಇಡಿ. ಹಾಸುಗಲ್ಲಿನಂತೆ ಕೂತ ಕೋಶಗಳನ್ನು ಎಣಿಸಿ. ಎರಡನೆಯದಾಗಿ, ಎಳೆಯ ಕರ್ಣಕುಂಡಲ ಗಿಡವನ್ನು ಕೆಂಪು ಮಸಿ ಬೆರೆಸಿದ ನೀರಿನಲ್ಲಿ ಕೆಲವು ತಾಸು ನಿಲ್ಲಿಸಿ, ಆಮೇಲೆ ಕಾಂಡವನ್ನು ಅಡ್ಡಲಾಗಿ ಕೊಯ್ಯಿರಿ. ಕೆಂಪಾದ ಚುಕ್ಕೆಗಳೇ ಕ್ಸೈಲಂ. ಮೂರನೆಯದಾಗಿ, ನಿಮ್ಮೂರಲ್ಲಿ ಮಾವು, ಸಪೋಟ, ಗುಲಾಬಿ, ದ್ರಾಕ್ಷಿ ಯಾವುದಕ್ಕೇ ಆಗಲಿ ಕಸಿ ಕಟ್ಟುವವರಿದ್ದರೆ ಒಂದು ದಿನ ಅವರ ಜೊತೆ ಕೂತು ನೋಡಿ. ಪುಸ್ತಕದ ಹೆಸರುಗಳನ್ನು ಅವರಿಗೆ ಹೇಳಿ, ಅವರ ಹೆಸರುಗಳನ್ನು ನೀವು ಬರೆದುಕೊಳ್ಳಿ.

ಹೊನವಾಡದಿಂದ ಹೊರಡುವಾಗ ಯಜಮಾನರು ಒಂದು ಹಳೆಯ ಕಸಿಯ ಗಂಟನ್ನು ಮುಟ್ಟಿ ತೋರಿಸಿದರು. ಟೆಕ್ಸಾಸಿನ ಬೇರು ಎಲ್ಲಿ ಮುಗಿಯಿತು, ಮೇಲಿನ ಬಳ್ಳಿ ಎಲ್ಲಿ ಶುರುವಾಯಿತು ಎಂಬುದಕ್ಕೆ ಅಲ್ಲಿ ಸಣ್ಣದೊಂದು ಉಬ್ಬು ಮಾತ್ರ ಇತ್ತು. “ಹತ್ತು ವರ್ಷ ಆತು ನೋಡ್ರಿ. ಇದರ ಹಣ್ಣು ಮಾರೇ ಮಗಳನ್ನ ಕಾಲೇಜಿಗೆ ಕಳಿಸೇನಿ” ಎಂದರು. ಮಗಳು ಏನು ಓದುತ್ತಿದ್ದಾಳೆ ಎಂದು ಕೇಳಿದೆ. ಬಿ.ಎಸ್ಸಿ. ಎಂದರು. ಈ ಸಂಚಿಕೆಯ ಒಂದು ಪ್ರತಿಯನ್ನು ಆಕೆಗೆ ಕಳುಹಿಸುವುದಾಗಿ ಹೇಳಿ ಬಂದಿದ್ದೇನೆ.